ಮಸೂರದ ಮುಂದಣ ಗಾಜು



ಕ್ಯಾಮೆರಾಕ್ಕೆ ಹೊಸ ಲೆನ್ಸೊಂದನ್ನು ಕೊಳ್ಳಬೇಕೆಂದು ಕೊಯಮತ್ತೂರಿಗೋ ಮೈಸೂರಿಗೋ ಹೋಗಿ, ಬೆಲೆಯನ್ನು ವಿಚಾರಿಸಿ, ಚೌಕಾಶಿ ಮಾಡಿ, ಹಣವನ್ನೆಣಿಸಿ ಕೊಟ್ಟು, ರಸೀದಿಯನ್ನು ಮಡಿಸಿ ಜೇಬಿಗಿಡುವಷ್ಟರಲ್ಲಿ, ಅಂಗಡಿಯಾತನು ಕಪಾಟಿನೊಳಗಿನಿಂದ ಚಪ್ಪಟೆಯಾದ ಪುಟ್ಟ ಡಬ್ಬಿಯೊಂದನ್ನು ತೆಗೆದು, ಲೋಹದ ಉಂಗುರದಲ್ಲಿ ಕೂರಿಸಿದ ಬಣ್ಣವಿಲ್ಲದ ದುಂಡುಗಾಜನ್ನು ಮುಂದಿಟ್ಟು, "ಇದೊಂದು ಯುವಿ ಫಿಲ್ಟರ್ ಹಾಕಿಸ್ಕೊಂಬಿಡಿ ಸಾರ್, ಲೆನ್ಸಿಗೆ ಸೇಫ್ಟಿ" ಎಂದು ಸಲಹೆ ಮಾಡುವುದು ಈ ವ್ಯಾಪಾರದ ಒಂದು ಸಂಪ್ರದಾಯವೇ ಆಗಿಹೋಗಿದೆ. ಹೊಸ ವಸ್ತುವಿನ ಮೇಲೆ ಮಮತೆ ಉಕ್ಕುತ್ತಿರುವ ಆ ಗಳಿಗೆಯಲ್ಲಿ ಬೇಡವೆನ್ನುವ ಧೈರ್ಯ ಎಷ್ಟು ಮಂದಿಗೆ ಬಂದೀತು? ಬಹುಮಂದಿ ಕೊಳ್ಳುತ್ತಾರೆ, ಒಮ್ಮೆ ತಿರುಪಿ ಕೂರಿಸಿದ ಗಾಜು ಲೆನ್ಸಿನ ಆಯುಸ್ಸು ತೀರುವ ತನಕವೂ ಅಲ್ಲಿಯೇ ಉಳಿಯುತ್ತದೆ. ನೇರಳಾತೀತ ಕಿರಣಗಳನ್ನು ತಡೆಯಲೆಂದು ಹುಟ್ಟಿದ ವಸ್ತುವು ಗೀರು ಬೀಳದಂತೆ ಕಾಯುವ ಉದ್ಯೋಗಕ್ಕೆ ಹೇಗೆ ಬಂದಿತು, ಆ ಉದ್ಯೋಗವನ್ನಾದರೂ ಅದು ಸಮರ್ಪಕವಾಗಿ ನಿರ್ವಹಿಸುತ್ತಿದೆಯೇ, ಅದರಲ್ಲಿಯೂ ಮಂಜು ಮಳೆಗಳ ನಾಡಾದ ನಮ್ಮ ಬೆಟ್ಟದ ಮೇಲೆ ಅದರಿಂದಾಗುವ ಪ್ರಯೋಜನವೆಷ್ಟು ಎಂಬುದನ್ನು ಈ ಹೊತ್ತು ತಮ್ಮೊಡನೆ ಕೂಡಿ ವಿಚಾರಮಾಡಬೇಕೆಂದಿದ್ದೇನೆ.

ಈ ವಿಚಾರಕ್ಕೆ ನೀಲಗಿರಿಯಷ್ಟು ಅನುಕೂಲವಾದ ಸ್ಥಳ ಬೇರೆ ಇರಲಾರದು. ನಮ್ಮ ಕೀಳ್ ಕೋತಗಿರಿ ಈ ಬೆಟ್ಟದ ಈಶಾನ್ಯದ ಅಂಚಿನಲ್ಲಿ, ಕೋತಗಿರಿ ಪಟ್ಟಣಕ್ಕಿಂತ ತಗ್ಗಿನಲ್ಲಿ, ಚಹಾದ ತೋಟಗಳ ನಡುವೆ ಬಡಗರ ಹಟ್ಟಿಗಳ ನೆರೆಯಲ್ಲಿರುವ ಊರು. ಇಲ್ಲಿಯವರಾಡುವ ಬಡಗ ನುಡಿಯನ್ನು ಕೇಳಿದ ಕನ್ನಡಿಗನಿಗೆ ತಾನು ಬಹುದೂರ ಬಂದೆನೆಂಬ ಭಾವವೇ ಉಂಟಾಗುವುದಿಲ್ಲ. ಈ ಸೀಮೆಯ ಕೋಡನಾಡಿನ ಅಂಚಿಗೆ ಹೋಗಿ ನಿಂತರೆ ಕೆಳಗೆ ಮೋಯಾರ್ ಹೊಳೆಯ ಕಣಿವೆಯೂ, ಅದರ ತಳದಲ್ಲಿ ತೆಂಗುಮರಹಾಡದ ಬಯಲೂ, ಒಂದು ಪಾರ್ಶ್ವದಲ್ಲಿ ರಂಗಸ್ವಾಮಿ ಶಿಖರವೂ ಅದರ ಸಮೀಪದ ಕಲ್ಲುಕಂಬವೂ, ಎದುರಿಗೆ ಕಣಿವೆಯ ಆಚೆ ತಲಮಲೆ ತಾಳವಾಡಿಗಳ ಕಡೆಯ ಮೇಲುನಾಡೂ ಕಾಣುತ್ತವೆ. ಹತ್ತಿರದ ಏಣು ಹಸಿರು. ಅದರಾಚೆಯದು ಹಸಿರೋ ನೀಲಿಯೋ ಎಂದು ನಿಶ್ಚಯಿಸಲಾಗದ ಬಣ್ಣ. ಅದಕ್ಕೂ ಆಚೆಯದು ಅಪ್ಪಟ ನೀಲಿ. ಕಟ್ಟಕಡೆಯದಂತೂ ಆಕಾಶದಿಂದ ಬೇರ್ಪಡಿಸಲಾಗದಷ್ಟು ತೆಳುವು. ಇದನ್ನು ಕಣ್ಣಾರೆ ಕಂಡು ಹಿಗ್ಗಿದವನು ಚಿತ್ರವನ್ನು ತೆಗೆದು ಮನೆಗೊಯ್ದು ನೋಡಿದಾಗ, ಹಿಂದಿನ ಕಾಲದಲ್ಲಿ, ಕೊನೆಯ ಎರಡು ಮೂರು ಸಾಲುಗಳು ಕಾಗದದ ಮೇಲೆ ಇಲ್ಲದೆಯೇ ಹೋಗಿರುತ್ತಿದ್ದವು. ಕಣ್ಣು ಕಂಡದ್ದನ್ನು ಫಿಲ್ಮು ಕಾಣದೆ ಹೋದುದೇಕೆ? ವಾಸ್ತವವಾಗಿ ಫಿಲ್ಮು ಕಡಮೆ ಕಂಡಿರಲಿಲ್ಲ. ಕಣ್ಣು ಕಾಣದಿದ್ದ ಇನ್ನೊಂದನ್ನೂ ಕಂಡಿತ್ತು.

ದೂರದ ಬೆಟ್ಟದ ನೀಲಿಮೆ ನಡುವಣ ಗಾಳಿಯದು. ಸೂರ್ಯನ ಬೆಳಕು ಗಾಳಿಯ ಅಣುಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚೆದರುವಾಗ, ಅಲೆಯ ಉದ್ದ ಕಿರಿದಾದಷ್ಟೂ ಚೆದರಿಕೆ ಹೆಚ್ಚು. ಹೆಚ್ಚೆಂದರೆ ಸುಮ್ಮನೆ ಹೆಚ್ಚಲ್ಲ, ಅಲೆಯುದ್ದದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಹೆಚ್ಚು ಎಂಬ ನಿಯಮವನ್ನು, ಮುಂದೆ ಲಾರ್ಡ್ ರೇಲೀ ಎಂದು ಪ್ರಸಿದ್ಧನಾದ ಆಂಗ್ಲ ವಿಜ್ಞಾನಿ 1871ರಲ್ಲಿ ಪ್ರತಿಪಾದಿಸಿದನು. ಈ ಲೆಕ್ಕದಂತೆ 700 ನ್ಯಾನೊಮೀಟರ್ ಅಲೆಯುದ್ದದ ಕೆಂಪಿಗಿಂತ 400 ನ್ಯಾನೊಮೀಟರಿನ ನೇರಳೆ ಒಂಬತ್ತು ಪಾಲಿಗೂ ಮಿಗಿಲಾಗಿ ಚೆದರುತ್ತದೆ. ನಮ್ಮ ಕಣ್ಣಿನ ವ್ಯಾಪ್ತಿ ಹೆಚ್ಚುಕಡಮೆ ಆ 400ರಲ್ಲಿಯೇ ನಿಂತುಹೋಗುತ್ತದೆ. ಬೆಳಕು ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಅದರಿಂದಾಚೆಗೆ, ಇನ್ನೂ ಕಿರಿಯ ಅಲೆಗಳಾಗಿ, ಇನ್ನೂ ಹೆಚ್ಚು ಚೆದರುತ್ತ, ನಮಗಗೋಚರವಾಗಿ ನೇರಳಾತೀತವೆಂಬ ಹೆಸರಿನಿಂದ ಮುಂದುವರಿಯುತ್ತದೆ. ಬೆಟ್ಟವನ್ನೇರಿದವನ ನೆತ್ತಿಯ ಮೇಲೆ ಗಾಳಿಯ ಹೊದಿಕೆ ತೆಳುವಾಗುವುದರಿಂದ, ಪ್ರತಿ 1,000 ಮೀಟರಿಗೆ ನೂರಕ್ಕೆ ಸುಮಾರು 10ರಂತೆ ಈ ಕಿರಣಗಳ ತೀಕ್ಷ್ಣತೆ ಹೆಚ್ಚುತ್ತದೆ. 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ತುದಿಯಲ್ಲಿ ಸಮುದ್ರತೀರಕ್ಕಿಂತ ಕಾಲುಭಾಗದಷ್ಟು ಅಧಿಕವೆಂದು ಹೇಳಬಹುದು. ಚಳಿಯ ಊರೆಂದು ತಲೆಗೆ ಬಟ್ಟೆಯಿಲ್ಲದೆ ಅಲೆದಾಡಿದ ಪ್ರವಾಸಿಗರ ಮುಖ ಊರಿಗೆ ಮರಳುವ ವೇಳೆಗೆ ಕಪ್ಪಿಟ್ಟಿರುವುದು ಇದರ ಪ್ರಸಾದವೇ.

ಈ ಅಗೋಚರ ಕಿರಣವನ್ನು ಪತ್ತೆಹಚ್ಚಿದುದೂ ಬೆಳ್ಳಿಯ ಲವಣದಿಂದಲೇ ಎಂಬುದು ಗಮನಾರ್ಹವಾದ ಸಂಗತಿ. 1801ರಲ್ಲಿ ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಎಂಬಾತನು ಪಟ್ಟಕದಿಂದ ಬೆಳಕನ್ನು ಬಿಡಿಸಿ, ಬೆಳ್ಳಿಯ ಕ್ಲೋರೈಡನ್ನು ಒಂದೊಂದು ಬಣ್ಣದ ಕೆಳಗೂ ಇಟ್ಟು ನೋಡಿದಾಗ, ನೇರಳೆಯ ಅಂಚನ್ನು ದಾಟಿ ಯಾವ ಬೆಳಕೂ ಕಾಣದ ಕತ್ತಲೆಯಲ್ಲಿ ಅದು ಎಲ್ಲಕ್ಕಿಂತ ಬೇಗನೆ ಕಪ್ಪಾಯಿತು. ಛಾಯಾಗ್ರಹಣವೆಂಬ ವಿದ್ಯೆ ಹುಟ್ಟುವುದಕ್ಕೆ ಇನ್ನೂ ಮೂರು ದಶಕಗಳಿಗೂ ಹೆಚ್ಚು ಕಾಲವಿತ್ತು. ಆದರೆ ಅದರ ಮುಂದಣ ತೊಡಕೊಂದು ಆಗಲೇ ತನ್ನ ಇರವನ್ನು ತೋರಿಸಿಕೊಂಡಿತ್ತು. ಏಕೆಂದರೆ ಮೊದಮೊದಲಿನ ಛಾಯಾಫಲಕಗಳಿಗೆ ಬಳಿಯುತ್ತಿದ್ದ ಬೆಳ್ಳಿಯ ಲವಣಗಳಿಗೆ ಹಸಿರೂ ಕೆಂಪೂ ಕಾಣುತ್ತಿರಲಿಲ್ಲ. ನೀಲಿ, ನೇರಳೆ, ನೇರಳಾತೀತಗಳಷ್ಟೇ ಅವುಗಳ ಪಾಲಿನ ಬೆಳಕು.

ಇಂತಹ ಅರೆಗುರುಡು ಫಲಕಗಳನ್ನು ನಂಬಿಯೇ ನೀಲಗಿರಿಯ ಮೊದಲ ಛಾಯಾಗ್ರಾಹಕರು ಕೆಲಸಮಾಡಿದರು. ಉದಕಮಂಡಲದಲ್ಲಿ ಬಹುಕಾಲ ಸ್ಟುಡಿಯೊ ನಡೆಸಿ, ತೊದವರ ವಸತಿಗಳಾದ ಮಂದುಗಳನ್ನೂ ಬೆಟ್ಟದ ಬಂಗಲೆಗಳನ್ನೂ ಚಿತ್ರಿಸಿದ ಆಲ್ಬರ್ಟ್ ಪೆನ್ (1849–1924) ಅವರಲ್ಲಿ ಅಗ್ರಗಣ್ಯ. ಗಾಜಿನ ಹಲಗೆಗೆ ಕೊಲೋಡಿಯನ್ನನ್ನು ಹಚ್ಚಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿ ಆರುವ ಮುನ್ನವೇ ಚಿತ್ರವನ್ನು ಹಿಡಿದು, ಅಲ್ಲಿಯೇ ಡೇರೆಯ ಕತ್ತಲೆಯಲ್ಲಿ ತೊಳೆದು ಮುಗಿಸಬೇಕಾಗಿದ್ದ ಕಾಲವದು. ನೀಲಗಿರಿಯ ಕಮಿಷನರಾಗಿದ್ದ ಬ್ರೀಕ್ಸ್ ಎಂಬುವನು ಇಲ್ಲಿಯ ಬುಡಕಟ್ಟುಗಳನ್ನೂ ಪ್ರಾಚೀನ ಸಮಾಧಿಗಳನ್ನೂ ಕುರಿತು ಬರೆದ ಗ್ರಂಥ, ಅವನು ತೀರಿಕೊಂಡ ಮರುವರ್ಷ, ಎಂದರೆ 1873ರಲ್ಲಿ, ಛಾಯಾಚಿತ್ರಗಳ ಸಹಿತ ಅಚ್ಚಾಯಿತು. ಆ ಕಾಲದ ಬಯಲುಚಿತ್ರಗಳನ್ನು ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ಕಂಡರೆ ದಯಮಾಡಿ ಆಕಾಶದ ಕಡೆಗೊಮ್ಮೆ ನೋಡಿರಿ: ಮೋಡವಿಲ್ಲ, ನೀಲಿಯ ಛಾಯೆಯಿಲ್ಲ, ಬರಿಯ ಬಿಳುಪು. ಹಿನ್ನೆಲೆಯ ಗುಡ್ಡಗಳಿಗೂ ಅದೇ ಬಿಳುಪು ಬಡಿದಿರುತ್ತದೆ. ಬ್ರೀಕ್ಸನ ಗ್ರಂಥ ಪ್ರಕಟವಾದ ಆ 1873ರಲ್ಲಿಯೇ ಬರ್ಲಿನ್ನಿನಲ್ಲಿ ಹೆರ್ಮನ್ ಫೋಗೆಲ್ ಎಂಬ ರಸಾಯನಜ್ಞನು, ಲೇಪಕ್ಕೆ ತಕ್ಕ ಬಣ್ಣವನ್ನು ಬೆರೆಸಿದರೆ ಬೆಳ್ಳಿಗೆ ಹಸಿರಿನ ಅರಿವೂ ಬರುತ್ತದೆಂದು ಕಂಡುಕೊಂಡನು. ಕಾಲಕ್ರಮದಲ್ಲಿ ಕೆಂಪಿನ ಅರಿವೂ ಬಂದು, ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಕಪ್ಪುಬಿಳುಪು ಫಿಲ್ಮು ದೊರೆಯಿತು. ದೊರೆತ ಮೇಲೆ ಮಬ್ಬಿನ ಪರಿಹಾರವೂ ಸುಲಭವಾಯಿತು. ಲೆನ್ಸಿನ ಮುಂದೆ ಹಳದಿಯ ಗಾಜೊಂದನ್ನಿಟ್ಟರೆ ಅದು ನೇರಳಾತೀತವನ್ನೂ ನೀಲಿಯ ಒಂದು ಭಾಗವನ್ನೂ ನುಂಗಿಬಿಡುತ್ತದೆ, ಬೆಟ್ಟಸಾಲು ಮಬ್ಬಿನಿಂದ ಈಚೆಗೆ ಬರುತ್ತದೆ, ಆಕಾಶ ಕೊಂಚ ಕಪ್ಪಾಗಿ ಮೋಡ ಎದ್ದು ನಿಲ್ಲುತ್ತದೆ.

1935ರಲ್ಲಿ ಕೊಡಾಕ್ರೋಮ್ ಬಂದು ವರ್ಣಚಿತ್ರಗಳು ಸಾಮಾನ್ಯರ ಕೈಗೆಟುಕಲು ತೊಡಗಿದಾಗ ಈ ಉಪಾಯಕ್ಕೆ ಎಡೆಯಿಲ್ಲದಾಯಿತು. ಹಳದಿಯ ಗಾಜನ್ನಿಟ್ಟರೆ ಚಿತ್ರವೆಲ್ಲ ಹಳದಿಯಾದೀತಲ್ಲವೆ? ಅಗೋಚರವಾದುದನ್ನು ಮಾತ್ರ ತಡೆದು ಗೋಚರವಾದುದನ್ನೆಲ್ಲ ಒಳಬಿಡುವ, ತನಗೆ ತನ್ನದೆಂಬ ಬಣ್ಣವಿಲ್ಲದ ಗಾಜಿನ ಅವಶ್ಯಕತೆ ಆಗ ಬಿದ್ದಿತು. ಇದೇ ಯುವಿ ಫಿಲ್ಟರಿನ ಜನ್ಮಕಥೆ. ಇದರ ಒಡಹುಟ್ಟಾದ ಸ್ಕೈಲೈಟ್ ಎಂಬುದು ನಸುಗೆಂಪಿನದು. ನೆರಳಿನಲ್ಲಿ ಕುಳಿತವರ ಮುಖಕ್ಕೆ ಬಡಿಯುವ ನೀಲಿಯನ್ನು ಅದು ಸ್ವಲ್ಪ ಹದಗೊಳಿಸುತ್ತಿತ್ತು. ವರ್ಣಫಿಲ್ಮಿನ ನೀಲಿಯ ಪದರವು ನೇರಳಾತೀತವನ್ನೂ ನೀಲಿಯೆಂದೇ ಬಗೆದು ಬರೆದುಕೊಳ್ಳುತ್ತಿದ್ದುದರಿಂದ, ಹಿಮಾಲಯದಲ್ಲಾಗಲಿ ನಮ್ಮ ದೊಡ್ಡಬೆಟ್ಟದಲ್ಲಾಗಲಿ ಚಿತ್ರ ತೆಗೆಯುವವನಿಗೆ ಆ ಗಾಜು ಅಲಂಕಾರವಾಗಿರಲಿಲ್ಲ, ಆವಶ್ಯಕ ಸಾಧನವೇ ಆಗಿತ್ತು.

ಫಿಲ್ಮಿನ ಮಾತನ್ನೆತ್ತಿದ ಮೇಲೆ ಈ ಬೆಟ್ಟದವರು ಫಿಲ್ಮು ಕಾರ್ಖಾನೆಯಿದ್ದ ಇಂದುನಗರವನ್ನು ನೆನೆಯದೆ ಮುಂದೆ ಹೋಗಲಾರರು. ಕೇಂದ್ರ ಸರ್ಕಾರವು 1960ರಲ್ಲಿ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಅದರ ಕಾರ್ಖಾನೆಗೆ ಉದಕಮಂಡಲವನ್ನು ಆರಿಸಿಕೊಂಡಿತು. ಧೂಳಿನ ಕಣವೊಂದು ಬಿದ್ದರೆ ಕೆಡುವ, ಸೆಕೆ ತಾಗಿದರೆ ಹದಗೆಡುವ ಲೇಪವನ್ನು ತಯಾರಿಸುವುದಕ್ಕೆ ಇಲ್ಲಿಯ ತಂಪಾದ, ನಿರ್ಮಲವಾದ ಗಾಳಿ ಒಪ್ಪುತ್ತದೆಂಬುದು ಆ ಆಯ್ಕೆಯ ಹಿಂದಣ ವಿವೇಕ. 'ಇಂದು' ಎಂಬ ಮುದ್ರೆಯ ಕಪ್ಪುಬಿಳುಪು ಫಿಲ್ಮೂ ಛಾಯಾಕಾಗದವೂ ಎಕ್ಸ್‌ರೇ ಫಲಕಗಳೂ ಇಲ್ಲಿಂದ ದೇಶದ ನಾನಾ ಕಡೆಗೆ ಹೋದವು. ಹಳ್ಳಿಯ ಮದುವೆಯ ಗುಂಪುಚಿತ್ರ, ಶಾಲೆಯ ಹಾಜರಿ ಪುಸ್ತಕದೊಡನಿರುತ್ತಿದ್ದ ತರಗತಿಯ ಚಿತ್ರ, ಮುರಿದ ಮೂಳೆಯ ಚಿತ್ರ, ಎಲ್ಲಕ್ಕೂ ಬೆಟ್ಟದ ಬೆಳ್ಳಿಯೇ ಮೂಲ. ಡಿಜಿಟಲ್ ಬಂದ ಮೇಲೆ ಜಗತ್ತಿನ ಫಿಲ್ಮು ಕಾರ್ಖಾನೆಗಳಿಗೆ ಬಂದ ಗತಿ ಅದಕ್ಕೂ ಬಂದಿತು. ಅದಕ್ಕೆ ಮೊದಲೇ ರೋಗಗ್ರಸ್ತ ಉದ್ಯಮವೆನಿಸಿಕೊಂಡಿದ್ದ ಕಾರ್ಖಾನೆ ಈಗ ಮುಚ್ಚಿದೆ.

ಫಿಲ್ಮು ಹೋದ ಒಡನೆಯೇ ಯುವಿ ಫಿಲ್ಟರಿನ ಮೊದಲ ಉದ್ಯೋಗವೂ ಹೋಯಿತೆಂಬುದು ಬಹುಮಂದಿಗೆ ತಿಳಿಯದು. ಡಿಜಿಟಲ್ ಕ್ಯಾಮೆರಾದ ಸಂವೇದಕದ ಮುಂದೆ ತಯಾರಕರೇ ತೆಳುವಾದ ಗಾಜಿನ ಪದರಗಳನ್ನು ಕೂರಿಸಿ, ನೇರಳಾತೀತವನ್ನೂ ಅವಕೆಂಪನ್ನೂ ಅಲ್ಲಿಯೇ ತಡೆದಿರುತ್ತಾರೆ. ಲೆನ್ಸಿನೊಳಗಿನ ಗಾಜುಗಳೂ, ಅವುಗಳನ್ನು ಅಂಟಿಸಿದ ಅಂಟೂ, ಮೇಲಣ ಲೇಪಗಳೂ ತಮ್ಮ ಪಾಲಿನದನ್ನು ಮೊದಲೇ ಹೀರಿಕೊಂಡಿರುತ್ತವೆ. ಮುಂದೆ ಇನ್ನೊಂದು ಗಾಜನ್ನಿಟ್ಟರೆ ಅದಕ್ಕೆ ತಡೆಯುವುದಕ್ಕೆ ಉಳಿದಿರುವುದು ಅತ್ಯಲ್ಪ. 2006ರಲ್ಲಿ ಲೈಕಾ ಸಂಸ್ಥೆಯವರು ಎಂ8 ಎಂಬ ಕ್ಯಾಮೆರಾದಲ್ಲಿ ಈ ಪದರವನ್ನು ಅತಿಯಾಗಿ ತೆಳುಮಾಡಿದ್ದರಿಂದ, ಕಪ್ಪು ಕೋಟುಗಳೆಲ್ಲ ಚಿತ್ರದಲ್ಲಿ ನೇರಳೆಗೆ ತಿರುಗಿ, ಕೊಂಡವರಿಗೆ ಎರಡೆರಡು ಫಿಲ್ಟರುಗಳನ್ನು ಉಚಿತವಾಗಿ ಕೊಟ್ಟು ಸಮಾಧಾನಪಡಿಸಬೇಕಾಯಿತು. ಅಲ್ಲಿಯ ಅಪರಾಧಿ ನೇರಳಾತೀತವಾಗಿರದೆ ಅದರ ಎದುರು ಕೊನೆಯ ಅವಕೆಂಪಾಗಿತ್ತು. ಅಂತಹ ಅಪವಾದವನ್ನು ಬಿಟ್ಟರೆ, ಕೋಡನಾಡಿನ ಅಂಚಿನಲ್ಲಿ ಇಂದು ಯುವಿ ಫಿಲ್ಟರನ್ನು ಹಾಕಿ ಒಂದು ಚಿತ್ರ, ತೆಗೆದು ಒಂದು ಚಿತ್ರ ಹಿಡಿದರೆ ಎರಡರ ಮಬ್ಬಿನಲ್ಲಿ ಭೇದ ಕಾಣುವುದು ದುರ್ಲಭ. ಕಣಿವೆಯ ಮಬ್ಬಿನಲ್ಲಿ ನೀರಿನ ಕಣ, ಕಾಡುಬೆಂಕಿಯ ಹೊಗೆ, ಧೂಳು ಇವೂ ಬೆರೆತಿರುತ್ತವಾಗಿ, ಅವುಗಳ ಮೇಲೆ ಈ ಗಾಜಿನ ಅಧಿಕಾರ ಎಂದೂ ನಡೆದದ್ದಿಲ್ಲ.

ಇನ್ನುಳಿದದ್ದು ರಕ್ಷಣೆಯ ಮಾತು. ದೇವರ ಕೋಣೆಯ ಪಟಕ್ಕೆ ಗಾಜು ಹಾಕಿಸುವುದನ್ನು ತಾವು ಬಲ್ಲಿರಿ. ಕುಂಕುಮದ ಕೈ, ಊದುಬತ್ತಿಯ ಹೊಗೆ, ಎಣ್ಣೆಯ ಜಿಡ್ಡು ಇವುಗಳಿಂದ ಅದು ಪಟವನ್ನು ಕಾಯುತ್ತದೆಂಬುದು ನಿಜ, ಆದರೆ ದೀಪವನ್ನು ಹಚ್ಚಿಟ್ಟು ಕೈಮುಗಿದು ನಿಂತಾಗ ದೇವರ ಮುಖದ ಮೇಲೆ ದೀಪದ ಕುಡಿಯೇ ಕಾಣುವಂತಾಗುವುದೂ ಅಷ್ಟೇ ನಿಜ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮುಖವೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4ರಷ್ಟನ್ನು ಹಿಂದಕ್ಕೆ ತಳ್ಳುತ್ತದೆ. ಗಾಜಿಗೆ ಎರಡು ಮುಖಗಳಾದುದರಿಂದ ನೂರಕ್ಕೆ 8ರಷ್ಟು ಬೆಳಕು ದಾರಿತಪ್ಪುತ್ತದೆ. ನಷ್ಟವಾದ ಬೆಳಕಿಗಾಗಿ ನಾನು ಚಿಂತಿಸುವುದಿಲ್ಲ. ತಪ್ಪಿದ ಬೆಳಕು ಸುಮ್ಮನೆ ಹೋಗದೆ, ಸಂವೇದಕಕ್ಕೂ ಲೆನ್ಸಿಗೂ ತಾಗಿ ಹಿಂದಿರುಗಿ, ಫಿಲ್ಟರಿನ ಚಪ್ಪಟೆಯ ಬೆನ್ನಿಗೆ ಬಡಿದು ಮತ್ತೆ ಒಳಹೊಕ್ಕು, ಚಿತ್ರದಲ್ಲಿ ಇಲ್ಲದ ವಸ್ತುವನ್ನು ಮೂಡಿಸುವುದು ತೊಂದರೆ. ಬೇರಗಣಿಯ ಹೆತ್ತೆ ಹಬ್ಬದ ಇರುಳಿನಲ್ಲಿ ಸಾಲುದೀಪಗಳ ಚಿತ್ರ ತೆಗೆದವರು, ಮೇಲೆ ಉರಿಯುವ ದೀಪದ ತಲೆಕೆಳಗಾದ ಹಸಿರು ಪ್ರೇತವೊಂದು ಕೆಳಗಿನ ಕತ್ತಲೆಯಲ್ಲಿ ತೇಲುತ್ತಿರುವುದನ್ನು ಕಂಡು ಬೆರಗಾಗಿದ್ದರೆ, ಅದಕ್ಕೆ ಕಾರಣ ಈ ಗಾಜೇ. ಮೋಯಾರ್ ಕಣಿವೆಯ ಮೇಲೆ ಉದಯಿಸುವ ಸೂರ್ಯನಿಗೆ ಮುಖಮಾಡಿದಾಗ ಚಿತ್ರವೆಲ್ಲ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳುವುದಕ್ಕೂ ಅನೇಕ ವೇಳೆ ಇದರ ಮೇಲಣ ಜಿಡ್ಡೇ ಹೊಣೆ.

ಪ್ರತಿಫಲನವನ್ನು ತಗ್ಗಿಸುವ ಲೇಪಗಳ ಚರಿತ್ರೆ ರಸವತ್ತಾದುದು. 19ನೆಯ ಶತಮಾನದ ಕೊನೆಯ ದಶಕದಲ್ಲಿ, ಕುಕ್ ಲೆನ್ಸನ್ನು ರೂಪಿಸಿದ ಡೆನ್ನಿಸ್ ಟೇಲರ್ ಎಂಬ ಆಂಗ್ಲೇಯನು, ಹಳೆಯದಾಗಿ ಮೇಲೆ ಕಿಲುಬುಗಟ್ಟಿದ ಮಸೂರಗಳು ಹೊಸ ಮಸೂರಗಳಿಗಿಂತ ಹೆಚ್ಚು ಬೆಳಕನ್ನು ಒಳಬಿಡುವುದನ್ನು ಗಮನಿಸಿದನು. ಕೆಟ್ಟಿತೆಂದು ಬಿಸಾಡಬೇಕಾದ ಗಾಜು ಹೊಸದನ್ನು ಮೀರಿಸಿತ್ತು. ಕಿಲುಬಿನ ತೆಳುಪದರವೇ ಪ್ರತಿಫಲನವನ್ನು ಅಡಗಿಸಿದ್ದಿತು. ಅದನ್ನೇ ಬುದ್ಧಿಪೂರ್ವಕವಾಗಿ, ನಿರ್ವಾತದಲ್ಲಿ ಲವಣದ ಹಬೆಯಿಂದ ಲೇಪಿಸುವ ಕ್ರಮಕ್ಕೆ 1935ರಲ್ಲಿ ತ್ಸೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ಪೇಟೆಂಟ್ ಪಡೆದನು. ಇಂದಿನ ಬಹುಲೇಪದ ಫಿಲ್ಟರುಗಳಲ್ಲಿ ಪ್ರತಿಫಲನ ಮುಖವೊಂದಕ್ಕೆ ನೂರಕ್ಕೆ ಅರ್ಧಕ್ಕಿಂತಲೂ ಕಡಮೆಗೆ ಇಳಿದಿದೆ. ಅಂಗಡಿಯಲ್ಲಿ ಫಿಲ್ಟರನ್ನು ಕೊಳ್ಳುವವರು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿಯಲಿ: ದೀಪದ ಬಿಂಬ ಕನ್ನಡಿಯಲ್ಲಿನಂತೆ ಬೆಳ್ಳಗೆ ಹೊಳೆದರೆ ಲೇಪವಿಲ್ಲ, ಮಂಕಾಗಿ, ಹಸಿರೋ ನೇರಳೆಯೋ ಆಗಿ ತೋರಿದರೆ ಉಂಟು. ನಿಜವಾಗಿಯೂ ನೇರಳಾತೀತವನ್ನು ತಡೆಯುವ ಗಾಜೇ ಎಂಬುದನ್ನು ತಿಳಿಯಲು ಖೋಟಾ ನೋಟು ಹಿಡಿಯುವ ನೇರಳೆ ದೀಪ ಸಾಕು. ಆ ದೀಪದ ಕೆಳಗೆ ನಮ್ಮ ರೂಪಾಯಿ ನೋಟಿನ ಸಂಖ್ಯೆಯೂ ಸಣ್ಣ ಎಳೆಗಳೂ ಬೆಳಗುತ್ತವಷ್ಟೆ. ದೀಪಕ್ಕೂ ನೋಟಿಗೂ ನಡುವೆ ಫಿಲ್ಟರನ್ನು ಹಿಡಿದಾಗ ಆ ಬೆಳಗು ಆರಿದರೆ ಗಾಜು ಹೆಸರಿಗೆ ತಕ್ಕದ್ದು, ಆರದಿದ್ದರೆ ಅದು ಕಿಟಕಿಯ ಗಾಜಿನ ಜಾತಿಯದು. ಕೇವಲ ರಕ್ಷಣೆಗಾಗಿ ಕೊಳ್ಳುವವನಿಗೆ ಕಿಟಕಿಯ ಜಾತಿಯೂ ನಡೆದೀತು, ಲೇಪವೊಂದು ಚೆನ್ನಾಗಿದ್ದರೆ.

ಕೆಳಗೆ ಬಿದ್ದಾಗ ಫಿಲ್ಟರು ಒಡೆದು ಲೆನ್ಸು ಉಳಿಯಿತೆಂದು, ಒಡೆದ ಗಾಜನ್ನು ಪವಾಡದ ಸಾಕ್ಷಿಯೆಂಬಂತೆ ತೋರಿಸುವವರುಂಟು. ಫಿಲ್ಟರಿನ ಗಾಜು ಒಂದೆರಡು ಮಿಲಿಮೀಟರ್ ದಪ್ಪದ್ದು. ಲೆನ್ಸಿನ ಮುಂಗಾಜು ಅದಕ್ಕಿಂತ ಎಷ್ಟೋ ಪಾಲು ದಪ್ಪವಾದುದು. ತೆಳುವಾದುದನ್ನು ಒಡೆಯಲು ಸಾಲುವ ಪೆಟ್ಟು ದಪ್ಪವಾದುದನ್ನೂ ಒಡೆಯುತ್ತಿತ್ತೆಂದು ನಂಬುವುದಕ್ಕೆ ಆಧಾರವೇನು? ಒಡೆದ ಚೂರುಗಳೇ ಮುಂಗಾಜಿಗೆ ಗೀರೆಳೆಯುವ ಪ್ರಸಂಗಗಳೂ ಇಲ್ಲದಿಲ್ಲ. ಆದರೂ ನ್ಯಾಯವನ್ನು ನುಡಿಯಬೇಕಾದರೆ, ಉಂಗುರದ ಲೋಹವು ಪೆಟ್ಟನ್ನು ತಾನು ತಿಂದು ಲೆನ್ಸಿನ ತುದಿ ಸೊಟ್ಟಗಾಗದಂತೆ ಉಳಿಸುವುದುಂಟು. ಹಾಗೆ ಸೊಟ್ಟಗಾದ ಉಂಗುರ ಬಿಚ್ಚಲು ಬಾರದೆ ಕಚ್ಚಿಕೊಳ್ಳುವುದೂ ಉಂಟು. ಈ ಕಾರ್ಯಕ್ಕೆ ಫಿಲ್ಟರಿಗಿಂತ ಲೆನ್ಸಿನೊಡನೆ ಬರುವ ಹುಡ್ಡೇ ಉತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಪೆಟ್ಟನ್ನು ದೂರದಲ್ಲಿಯೇ ತಡೆದು, ತುಂತುರನ್ನೂ ಬೆರಳನ್ನೂ ದೂರವಿಟ್ಟು, ಓರೆಬಿಸಿಲನ್ನು ಮರೆಮಾಡಿ ಚಿತ್ರದ ಗುಣವನ್ನು ಹೆಚ್ಚಿಸುತ್ತದೆ. ಫಿಲ್ಟರಾದರೋ ಗುಣವನ್ನು ಎಷ್ಟೆಂದರೂ ಹೆಚ್ಚಿಸಲಾರದು. ಕೆಡಿಸದಿದ್ದರೆ ಅದೇ ಅದರ ಪರಮಸಿದ್ಧಿ. ಮುಂಗಾಜಿನ ಮೇಲೊಂದು ಸಣ್ಣ ಗೀರು ಬಿದ್ದಿತೆಂದೇ ಇಟ್ಟುಕೊಳ್ಳೋಣ, ಅದು ಚಿತ್ರದಲ್ಲಿ ಕಾಣುವುದಿಲ್ಲ. ಸೂರ್ಯನಿಗೆ ಎದುರಾದಾಗ ಕೊಂಚ ಮಂಕು ಹುಟ್ಟಿಸಬಹುದು, ಮಾರುವಾಗ ಬೆಲೆಯನ್ನು ಇಳಿಸಬಹುದು. ನಿಜವಾಗಿ ಭಯಪಡಬೇಕಾದುದು ಕ್ಯಾಮೆರಾದ ಕಡೆಗಿರುವ ಹಿಂಗಾಜಿನ ಗೀರಿಗೆ. ಆ ಗಾಜಿಗೆ ಯಾರೂ ಫಿಲ್ಟರನ್ನು ಮಾರಿದ್ದಿಲ್ಲ.

ಮಸಿನಗುಡಿಗೂ ಬಂಡೀಪುರಕ್ಕೂ ಬರುವ ವನ್ಯಜೀವಿ ಛಾಯಾಗ್ರಾಹಕರ ಕೈಯನ್ನು ನೋಡಿರಿ. 600 ಮಿಲಿಮೀಟರಿನ ಎಫ್ 4 ಲೆನ್ಸಿನ ಬಾಯಿ 150 ಮಿಲಿಮೀಟರ್ ಅಗಲವಿರಬೇಕು. ಅಂಗಡಿಯಲ್ಲಿ ಸಿಗುವ ಫಿಲ್ಟರುಗಳಾದರೋ 52, 58, 67, 77 ಮಿಲಿಮೀಟರಿನವು, 82ಕ್ಕೆ ಮೇಲ್ಪಟ್ಟವು ವಿರಳ. ಆದಕಾರಣ ಅಂತಹ ಲೆನ್ಸುಗಳಲ್ಲಿ ಫಿಲ್ಟರನ್ನು ಹಿಂಭಾಗದ ಸಣ್ಣ ಕಿಂಡಿಯೊಳಗೆ ತೂರಿಸುವ ಏರ್ಪಾಡಿರುತ್ತದೆ, ಮುಂದೆ ಏನನ್ನೂ ತಿರುಪುವುದಿಲ್ಲ. ಕರ್ನಾಟಕದ ಕಾಡುಗಳಲ್ಲಿ ಈ ವಿದ್ಯೆಯನ್ನು ಬೆಳೆಸಿದ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಮುಂತಾದ ಹಿರಿಯರ ಕಾಲದಿಂದ ಕೃಪಾಕರ–ಸೇನಾನಿಯವರ ವರೆಗೆ, ಮುಳ್ಳುಕಂಟಿಗಳ ನಡುವೆ ಕಾದು ಕುಳಿತವರ ಉದ್ದನೆಯ ಲೆನ್ಸುಗಳಿಗೆ ಹುಡ್ಡೇ ಕಾವಲು. ಲೆನ್ಸು ದುಬಾರಿಯಾದಷ್ಟೂ ಅದು ಬರಿಗಾಜಾಗಿಯೇ ಕಾಡು ಸುತ್ತುತ್ತದೆ. ಅಗ್ಗದ ಲೆನ್ಸಿಗೇ ಕವಚದ ಉಪಚಾರ.

ಹಾಗಾದರೆ ಫಿಲ್ಟರನ್ನು ತೆಗೆದು ಬಿಸಾಡಬೇಕೇ? ಬೇಡ. ಶತ್ರು ಕಣ್ಣಿಗೆ ಕಾಣುತ್ತಿರುವಾಗ ಅದು ಬೇಕೇ ಬೇಕು. ಕಂಬಳದ ಗದ್ದೆಯಂಚಿನಲ್ಲಿ ಕೋಣಗಳು ಕೆಸರುನೀರನ್ನು ಆಳೆತ್ತರ ಎರಚುತ್ತ ಎದುರಿಗೇ ಬರುತ್ತಿರುವಾಗ, ಉಳ್ಳಾಲದ ಇಲ್ಲವೆ ಕಾಸರಗೋಡಿನ ಕಡಲಂಚಿನಲ್ಲಿ ಉಪ್ಪಿನ ತುಂತುರು ಗಾಳಿಯಲ್ಲಿ ಹಾರುತ್ತಿರುವಾಗ, ಮದುವೆಯ ಮನೆಯಲ್ಲಿ ಅರಿಸಿನದ ನೀರು ಓಕುಳಿಯಾಡುವಾಗ, ಅಡಕೆಯ ತೋಟದಲ್ಲಿ ಮೈಲುತುತ್ತು ಸುಣ್ಣಗಳ ದ್ರಾವಣವನ್ನು ಸಿಂಪಡಿಸುವಾಗ, ನಮ್ಮ ಚಹಾತೋಟಗಳಲ್ಲಿ ಔಷಧಿ ಹೊಡೆಯುವಾಗ, ಬರಿಯ ಲೆನ್ಸನ್ನು ಒಡ್ಡುವುದು ಅವಿವೇಕ. ಇಂತಹ ಕಡೆ ಪದೇ ಪದೇ ಒರೆಸಬೇಕಾಗುತ್ತದೆ. ಉಪ್ಪಿನ ಹರಳನ್ನೂ ಮರಳನ್ನೂ ಅಂಗಿಯ ತುದಿಯಿಂದ ಒರೆಸಿ ಗೀರು ಬಿದ್ದರೆ ಅದು ಫಿಲ್ಟರಿನ ಮೇಲೆ ಬೀಳಲಿ. ಕೆನಾನ್ ಸಂಸ್ಥೆಯವರಂತೂ ಧೂಳು ನೀರುಗಳನ್ನು ತಡೆಯುವ ತಮ್ಮ ಕೆಲವು ಲೆನ್ಸುಗಳ ವಿಷಯದಲ್ಲಿ, ಮುಂದೆ ಫಿಲ್ಟರನ್ನು ಹಾಕಿದ ಮೇಲೆಯೇ ಆ ತಡೆ ಪೂರ್ಣವಾಗುವುದೆಂದು ತಾವೇ ಹೇಳಿದ್ದಾರೆ. ಹಾಕಿದ ಮೇಲೆ ಅದನ್ನು ಸ್ವಚ್ಛವಾಗಿಡಬೇಕೆಂಬುದನ್ನು ಮಾತ್ರ ಮರೆಯಬಾರದು. ಅಗಲನೋಟದ ಲೆನ್ಸಿನಲ್ಲಿ ದ್ಯುತಿರಂಧ್ರವನ್ನು ಕಿರಿದುಮಾಡಿದಾಗ ಫಿಲ್ಟರಿನ ಮೇಲೆ ಕುಳಿತ ಹನಿಯೊಂದು ಆಕಾಶದಲ್ಲಿ ಮಸುಕು ಚುಕ್ಕೆಯಾಗಿ ಮೂಡುತ್ತದೆ. ಮೊದಲು ರಬ್ಬರಿನ ಊದುಗದಿಂದ ಧೂಳನ್ನು ಹಾರಿಸಿ, ತರುವಾಯ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ ಒರೆಸುವುದು ಕ್ರಮ.

ಆದರೆ ಕೀಳ್ ಕೋತಗಿರಿಯಲ್ಲಿ ಲೆನ್ಸಿನ ಪರಮಶತ್ರು ಮುಂದಿನಿಂದ ಬರುವವನಲ್ಲ. ನೈಋತ್ಯದ ಮುಂಗಾರಿಗೆ ದೊಡ್ಡಬೆಟ್ಟದ ಸಾಲು ಅಡ್ಡಲಾಗಿರುವುದರಿಂದ ಈ ಕಡೆಯ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿನ ವರೆಗಿನ ಹಿಂಗಾರಿನದು. ಆ ತಿಂಗಳುಗಳಲ್ಲಿ ಮಂಜು ಮನೆಯೊಳಕ್ಕೇ ಬಂದು ನಿಲ್ಲುತ್ತದೆ, ಒಣಹಾಕಿದ ಬಟ್ಟೆ ಒಣಗುವುದಿಲ್ಲ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯ ತೇವಾಂಶ ನೂರಕ್ಕೆ 70ನ್ನು ಮೀರಿ ಬಹುದಿನ ನಿಂತರೆ ಅದೇ ಬೂಷ್ಟು ಲೆನ್ಸಿನೊಳಗೂ ಕವಲೊಡೆದು ಹಬ್ಬುತ್ತದೆ. ಅದು ಸ್ರವಿಸುವ ಆಮ್ಲ ಮೊದಲು ಲೇಪವನ್ನೂ ಬಳಿಕ ಗಾಜನ್ನೂ ಕೊರೆಯುತ್ತದೆ. ಮುಂದಣ ಫಿಲ್ಟರು ಇದನ್ನು ತಡೆಯಲಾರದಷ್ಟೇ ಅಲ್ಲ, ಕೆಲವೊಮ್ಮೆ ಪೋಷಿಸುತ್ತದೆ. ಬೆಳಗಿನ ಚಳಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ಹೆಗಲಿಗೇರಿಸಿ ಘಾಟಿಯಿಳಿದು ಮೆಟ್ಟುಪಾಳೆಯದ ಸೆಕೆಗೆ ಹೋದವರು, ಫಿಲ್ಟರಿಗೂ ಮುಂಗಾಜಿಗೂ ನಡುವೆ ಒರೆಸಲು ಬಾರದ ಹಬೆ ಕೂಡಿಕೊಂಡದ್ದನ್ನು ನೋಡಿಯೇ ಇರುತ್ತಾರೆ. ಹಾಗೆಯೇ ಚೀಲದಲ್ಲಿಟ್ಟು ಮರೆತರೆ ಬೂಷ್ಟಿಗೆ ಅದೊಂದು ಸುಭದ್ರವಾದ ಮನೆ. ಎಳೆಯ ಬೂಷ್ಟನ್ನು ಬಿಸಿಲಿಗೊಡ್ಡಿ, ಅದರಲ್ಲಿನ ನೇರಳಾತೀತದಿಂದಲೇ ಕೊಲ್ಲಬೇಕೆಂದು ಹಿರಿಯರು ಕೆಲವರು ಹೇಳುತ್ತಿದ್ದರು. ಯುವಿ ಫಿಲ್ಟರನ್ನು ಹಾಕಿಯೇ ಬಿಸಿಲಿಗಿಟ್ಟವನ ಬುದ್ಧಿಗೆ ಏನೆನ್ನೋಣ!

ಮಲೆನಾಡಿನ ಮನೆಗಳಲ್ಲಿ ಕ್ಯಾಮೆರಾದ ಕಪಾಟಿನೊಳಗೆ ಸಣ್ಣ ಬಲ್ಬೊಂದನ್ನು ಸದಾ ಉರಿಸುವ ರೂಢಿಯಿತ್ತು. ಆ ಸಣ್ಣ ಕಾವೇ ತೇವವನ್ನು ದೂರವಿಡುತ್ತಿತ್ತು. ಅದಕ್ಕಿಂತ ಸುಲಭವಾದುದು ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಒಂದು ಬಟ್ಟೆಯ ಚೀಲದಲ್ಲಿ ಸಿಲಿಕಾ ಜೆಲ್, ಜೊತೆಗೆ ತೇವವನ್ನು ತೋರಿಸುವ ಚಿಕ್ಕ ಮಾಪಕ. ಮುಳ್ಳು 40ರಿಂದ 50ರ ನಡುವೆ ನಿಂತರೆ ಸಾಕು. ಅದಕ್ಕಿಂತ ತೀರ ಒಣಗಿಸುವುದೂ ಒಳಗಿನ ಕೀಲೆಣ್ಣೆಗೆ ಹಿತವಲ್ಲ. ನೀಲಿಯ ಹರಳು ನಸುಗೆಂಪಾದಾಗ, ಅಡಿಗೆಗೆ ಬಳಸದ ಹಳೆಯ ತಟ್ಟೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿದರೆ ಮತ್ತೆ ನೀಲಿಗೆ ತಿರುಗುತ್ತದೆ. ಅಕ್ಕಿಯೊಳಗೆ ಹುದುಗಿಡುವ ಪದ್ಧತಿ ಬೇಡ. ಅಕ್ಕಿ ಹೀರುವ ತೇವ ಅಲ್ಪ, ಬಿಡುವ ಹಿಟ್ಟು ಬಹಳ. ಚರ್ಮದ ಪೆಟ್ಟಿಗೆ ಎಷ್ಟೇ ಅಂದವಾಗಿದ್ದರೂ ಹಿಂಗಾರು ಮುಗಿಯುವ ತನಕ ಅಟ್ಟದ ಮೇಲಿರಲಿ. ಇನ್ನು ಫಿಲ್ಟರನ್ನು, ಮಳೆಯಿಂದ ಬಂದ ಒಡನೆಯೇ ಲೆನ್ಸಿನಿಂದ ಬಿಚ್ಚಿ, ಎರಡೂ ಕಡೆ ಒರೆಸಿ, ಉಂಗುರದ ಸುರುಳಿಗೆರೆಗಳಲ್ಲಿ ಸಿಕ್ಕ ನೀರನ್ನು ಬಟ್ಟೆಯ ಚುಂಗಿನಿಂದ ತೆಗೆದು, ಕೊಳ್ಳುವಾಗ ಬಂದಿದ್ದ ಅದರದೇ ಡಬ್ಬಿಗೆ ಸೇರಿಸಿ, ಅದೇ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ಲಿನ ಪಕ್ಕದಲ್ಲಿಡುವುದು.